ಅರ್ಧ ಜೀಪು, ನಾಲ್ಕು ಟೈರು

ಚಿನ್ನದಂಗಡಿಯ ಗಾಜಿನ ಮುಂದೆ ನಿಂತು ಮೈಮರೆಯುವ ಹೆಂಗಸರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಟೈರಿನಂಗಡಿಯ ಮುಂದೆ ಹಾಗೆ ನಿಂತವಳನ್ನು ಕಂಡಿದ್ದರೆ ಅದು ಬಹುಶಃ ನಾನೇ. ಹುಬ್ಬಳ್ಳಿಗೆ ಹೋದಾಗ ನಮ್ಮ ಮನೆಯವರು ಬಟ್ಟೆಯಂಗಡಿಯಲ್ಲಿ ಧೋತರ ಆರಿಸುತ್ತಿದ್ದರೆ, ನಾನು ರಸ್ತೆ ದಾಟಿ, ಸಾಲಾಗಿ ತೂಗುಹಾಕಿದ ಟೈರುಗಳ ಹಲ್ಲು ಮುಟ್ಟಿ ನೋಡುತ್ತಿರುತ್ತೇನೆ. ಮದುವೆಗೆ ಹೋದರೂ ಅಷ್ಟೆ. ಉಳಿದವರು ಒಬ್ಬರ ಸೆರಗನ್ನು ಇನ್ನೊಬ್ಬರು ಹಿಡಿದು ಜರಿಯ ಪರೀಕ್ಷೆ ಮಾಡುವಾಗ ನನ್ನ ಕಣ್ಣು ಮಂಟಪದ ಹೊರಗೆ ನಿಂತ ಗಾಡಿಗಳ ಕಾಲ ಮೇಲೆ. ಯಾರದು ಸವೆದಿದೆ, ಯಾರದು ಒಂದೇ ಬದಿಗೆ ಸವೆದಿದೆ, ಯಾರು ಹಳೆಯ ಟೈರಿಗೆ ಕಪ್ಪು ಪಾಲಿಶ್ ಬಳಿದು ಹೊಸದೆಂದು ತೋರಿಸುತ್ತಿದ್ದಾರೆ, ಇದೆಲ್ಲ ನನಗೆ ಗೊತ್ತಾಗಿಬಿಡುತ್ತದೆ. ಹೈಸ್ಕೂಲಿನಲ್ಲಿ ಸಂಧಿ ಸಮಾಸ ಕಲಿಸಿ ನಿವೃತ್ತಳಾದವಳಿಗೆ ಇದೆಂಥ ಚಟ ಎಂದು ನೀವು ಕೇಳಬಹುದು. ನಮ್ಮ ಮನೆಯವರು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ಈ ಚಟಕ್ಕೆಲ್ಲ ಕಾರಣ ಒಂದು ಜೀಪು. ಪೂರ್ತಿ ಜೀಪೂ ಅಲ್ಲ, ಅರ್ಧ.

ನನ್ನ ತವರು ನವಲಗುಂದ ತಾಲೂಕಿನ ಮೊರಬ. ಕೊಟ್ಟದ್ದು ಕಲಘಟಗಿ ತಾಲೂಕಿನ ದುಮ್ಮವಾಡಕ್ಕೆ. ಅವ್ವ ಮೊದಲೇ ಹೋಗಿದ್ದಳು. ಅಪ್ಪನೂ ತೀರಿಕೊಂಡ ಮೇಲೆ ಹೊಲದ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ನಾನು ಸಹಿ ಹಾಕಿದೆ. ನನಗೆ ತಿಂಗಳ ಸಂಬಳವಿತ್ತು, ತಮ್ಮ ಈರಣ್ಣನಿಗೆ ಹೊಲವೇ ಎಲ್ಲ. ಸಹಿಯಾದ ಮೇಲೆ ಓಣಿಯ ಹಿರಿಯರೊಬ್ಬರು ವಾಡಿಕೆಯಂತೆ ಕೇಳಿದರು: “ನಿನಗೇನರೆ ಬೇಕೇನವಾ, ತವರಮನಿ ನೆನಪಿಗಿ?” ಒಂದು ಎಮ್ಮೆಯನ್ನೋ ತಾಮ್ರದ ಹಂಡೆಯನ್ನೋ ಕೇಳುತ್ತೇನೆಂದು ಎಲ್ಲರೂ ಕಾದಿದ್ದರು. ನಾನು, “ಜೀಪಿನ್ಯಾಗ ಅರ್ಧಾ ಬೇಕ್ರಿ” ಎಂದೆ. ಕೂತವರೆಲ್ಲ ನಕ್ಕರು. ನಾನು ನಗದೇ ಇದ್ದುದನ್ನು ನೋಡಿ ಸುಮ್ಮನಾದರು.

ಆ ಜೀಪನ್ನು ಅಪ್ಪ ಸರ್ಕಾರಿ ಹರಾಜಿನಲ್ಲಿ ಹಿಡಿದು ತಂದಿದ್ದ. ಗೇರಿನ ಬಾಜೂ ಇನ್ನೊಂದು ಗಿಡ್ಡ ಹಿಡಿ ಇದೆ. ಅದನ್ನು ಎಳೆದರೆ ಇಂಜಿನ್ನಿನ ಬಲ ಹಿಂದಿನ ಗಾಲಿಗಳಿಗಷ್ಟೇ ಅಲ್ಲದೆ ಮುಂದಿನವಕ್ಕೂ ಹೋಗುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಜೋಳ ಕೊಯ್ದು ಬಯಲಾದ ಹೊಲದಲ್ಲಿ ಅಪ್ಪ ನನಗೆ ಅದನ್ನು ಓಡಿಸಲು ಕಲಿಸಿದ. “ಹೊಡಿ, ಹೊಡಿ. ಇಲ್ಲಿ ಗುದ್ದಾಕ ಒಂದ ಗಿಡಾನೂ ಇಲ್ಲ” ಎನ್ನುತ್ತಿದ್ದ. ನವಲಗುಂದದ ಸೀಮೆ ಅಷ್ಟು ಬಯಲು. ಈರಣ್ಣ ಹಿಂದಿನ ಸೀಟಿನಲ್ಲಿ ಕೂತು, ಪ್ರತಿ ತಗ್ಗಿಗೂ ಎಗರಿ ಬಿದ್ದು, ಪಾಠ ಮುಗಿಯುವಷ್ಟರಲ್ಲಿ ತಲೆಗೆ ಎರಡು ಬುಗುಟು ತಂದುಕೊಳ್ಳುತ್ತಿದ್ದ.

ಪಾಲಿನ ಒಪ್ಪಂದ ಸರಳವಾಗಿತ್ತು. ಬಸವ ಜಯಂತಿಯಿಂದ ದೀಪಾವಳಿಯವರೆಗೆ ಜೀಪು ದುಮ್ಮವಾಡದಲ್ಲಿ, ದೀಪಾವಳಿಯಿಂದ ಬಸವ ಜಯಂತಿಯವರೆಗೆ ಮೊರಬದಲ್ಲಿ. ಕೊಡುವವರು ತಾವೇ ಓಡಿಸಿಕೊಂಡು ಹೋಗಿ ಕೊಡಬೇಕು, ಹೋಳಿಗೆ ಉಂಡು ಒಂದು ರಾತ್ರಿ ಇದ್ದು ಬಸ್ಸಿಗೆ ಮರಳಬೇಕು. ದುರಸ್ತಿಯ ಖರ್ಚು ಅರ್ಧರ್ಧ.

ಈ ಅರ್ಧರ್ಧ ಎನ್ನುವುದು ಹೇಳಲಿಕ್ಕೆ ಸುಲಭ. ಹಳೆಯ ಜೀಪು ಮನುಷ್ಯರ ಹಾಗೆ ಒಂದೇ ಸಲಕ್ಕೆ ಮುದಿಯಾಗುವುದಿಲ್ಲ, ಬಿಡಿ ಬಿಡಿಯಾಗಿ ಆಗುತ್ತದೆ. ಈ ವರ್ಷ ಕ್ಲಚ್ಚು ಹೊಸದು, ರೇಡಿಯೇಟರು ಅಜ್ಜ. ಮುಂದಿನ ವರ್ಷ ರೇಡಿಯೇಟರು ಹೊಸದು, ಅದರ ಹುರುಪು ತಾಳಲಾರದೆ ಪೈಪು ಒಡೆಯುತ್ತದೆ. ಕಲಘಟಗಿಯ ಮಿಸ್ತ್ರಿ ಬಾನೆಟ್ಟು ಎತ್ತಿದ ಕೂಡಲೇ ಹಣೆ ಚಚ್ಚಿಕೊಂಡು, “ಯಾವ ಪುಣ್ಯಾತ್ಮ ಇದರಾಗ ಕೈ ಹಾಕ್ಯಾನ್ರೀ ಬಾಯಾರ?” ಎನ್ನುತ್ತಾನೆ. ಆರು ತಿಂಗಳ ನಂತರ ನವಲಗುಂದದ ಮಿಸ್ತ್ರಿ ಅದೇ ಬಾನೆಟ್ಟು ಎತ್ತಿ ಅದೇ ಮಾತು ಹೇಳುತ್ತಾನಂತೆ. ಒಬ್ಬರನ್ನೊಬ್ಬರು ಕಂಡಿಲ್ಲದ ಈ ಇಬ್ಬರು ವೈರಿಗಳನ್ನು ನಾವು ಅಕ್ಕ ತಮ್ಮ ಸೇರಿ ವರ್ಷಗಟ್ಟಲೆ ಸಾಕಿದ್ದೇವೆ.

ದುರಸ್ತಿಯಲ್ಲಿ ನಮಗೆ ಭೇದ ಬರಲಿಲ್ಲ. ಬಂದದ್ದು ಟೈರಿನಲ್ಲಿ. ಅದಕ್ಕೆ ನೆಲದ ವಿಷಯ ತುಸು ಹೇಳಬೇಕು.

ಮದುವೆಯಾಗಿ ದುಮ್ಮವಾಡಕ್ಕೆ ಬಂದ ಹೊಸತರಲ್ಲಿ ನನಗೆ ಮೊದಲು ವಿಚಿತ್ರವಾಗಿ ಕಂಡದ್ದು ಅತ್ತೆಯಲ್ಲ, ಎತ್ತಿನ ಚಕ್ಕಡಿ. ನಮ್ಮೂರಿನ ಚಕ್ಕಡಿಯ ಗಾಲಿ ನನ್ನ ಭುಜದೆತ್ತರ, ಕಬ್ಬಿಣದ ಪಟ್ಟಿ ಸಪೂರ. ಇಲ್ಲಿ ಗಾಲಿ ಗಿಡ್ಡ, ಪಟ್ಟಿ ಅಗಲ. ಮಾವನವರನ್ನು ಕೇಳಿದಾಗ ಅವರು, “ನಿಮ್ಮದು ಕರೀ ಎರಿ ನೆಲಾ. ಗಾಲಿ ಕೆಸರು ಸೀಳಿ ಕೆಳಗ ಗಟ್ಟಿ ಹುಡುಕಬೇಕು. ನಮ್ಮದು ಸಣ್ಣ ಕಲ್ಲಿನ ಗರಸು. ಗಾಲಿ ಮ್ಯಾಲ ಮ್ಯಾಲ ಹೋಗಬೇಕು” ಎಂದರು. ಒಂದೇ ಜಿಲ್ಲೆ, ನಡುವೆ ಹುಬ್ಬಳ್ಳಿ ಒಂದೇ ಅಡ್ಡ. ಆದರೂ ಗಾಲಿಯ ಧರ್ಮವೇ ಬೇರೆ. ಮೊರಬದಲ್ಲಿ ಮಳೆಯಾದ ಮರುದಿನ ಹೊಲಕ್ಕೆ ಹೋದರೆ ಹೆಜ್ಜೆ ಹೆಜ್ಜೆಗೆ ಮಣ್ಣು ಅಂಟಿ ಮನುಷ್ಯ ಎತ್ತರವಾಗುತ್ತ ಹೋಗುತ್ತಾನೆ. ದುಮ್ಮವಾಡದಲ್ಲಿ ಮಳೆ ನಿಂತು ಒಂದು ಚಹಾ ಕುಡಿಯುವಷ್ಟರಲ್ಲಿ ನೀರು ಬಸಿದು ನೆಲ ಕಾಲಿಗೆ ಒಪ್ಪುತ್ತದೆ.

ಚಕ್ಕಡಿಗಳಿಗೆ ಈ ತೊಡಕಿರಲಿಲ್ಲ, ಅವು ಹುಟ್ಟಿದ ಊರಲ್ಲೇ ಸಾಯುತ್ತಿದ್ದವು. ನಮ್ಮ ಜೀಪು ಮಾತ್ರ ಎರಡು ನೆಲದ ಸೊಸೆ. ಎಷ್ಟೋ ವರ್ಷ ನಡುವಿನ ಸಾದಾ ಟೈರು ಹಾಕಿಸಿ ನಡೆಸಿದೆವು. ಮೂರು ವರ್ಷದ ಹಿಂದೆ ಅವು ಪೂರಾ ಸವೆದಾಗ ಜೀಪು ಈರಣ್ಣನ ಹತ್ತಿರವಿತ್ತು. ಅವನು ನನ್ನನ್ನು ಒಂದು ಮಾತೂ ಕೇಳದೆ ನಾಲ್ಕು ರಾಕ್ಷಸ ಟೈರು ಹಾಕಿಸಿಬಿಟ್ಟ. ಒಂದೊಂದು ಹಲ್ಲು ನನ್ನ ಮುಷ್ಟಿಯಷ್ಟು ದಪ್ಪ, ಹಲ್ಲಿನ ನಡುವೆ ಬೆಕ್ಕಿನ ಮರಿ ಮಲಗುವಷ್ಟು ಸಂದು.

ಎರೆ ಕೆಸರಿಗೆ ಅವು ಸರಿಯೇ, ನಾನು ಅಲ್ಲಗಳೆಯುವುದಿಲ್ಲ. ಡಾಂಬರಿನ ಮೇಲೆ ಅವುಗಳ ಸದ್ದು ಕೇಳಬೇಕಿತ್ತು. ನಾನು ದುಮ್ಮವಾಡದ ಓಣಿಗೆ ಬಂದರೆ ಹಿಟ್ಟಿನ ಗಿರಣಿಯೇ ನಡೆದು ಬಂದಂತಾಗುತ್ತಿತ್ತು. ಪಕ್ಕದಲ್ಲಿ ಕೂತ ನಮ್ಮ ಮನೆಯವರು ಏನು ಹೇಳಿದರೂ ನನಗೆ ಕೇಳಿಸುತ್ತಿರಲಿಲ್ಲ. ಅದೊಂದು ಲಾಭವನ್ನು ಜಮೆ ಹಿಡಿಯಬಹುದು. ಆದರೆ ಒಂದು ಜಿಟಿಜಿಟಿ ಮಳೆಯ ದಿನ ಕಲಘಟಗಿಯ ತಿರುವಿನಲ್ಲಿ ಬ್ರೇಕು ಒತ್ತಿದಾಗ ಜೀಪು ನಿಲ್ಲದೆ ಜಾರಿ ಎದುರಿನ ಬಸ್ಸಿನ ಮೂಗಿನವರೆಗೆ ಹೋಯಿತು. ಮನೆಗೆ ಬಂದು ನಾನು ಆ ಟೈರುಗಳನ್ನು ಬಿಚ್ಚಿಸಿ ದನದ ಕೊಟ್ಟಿಗೆಗೆ ಹಾಕಿ, ರಸ್ತೆಯ ಟೈರು ಕೊಂಡೆ. ನಾನೂ ತಮ್ಮನನ್ನು ಕೇಳಲಿಲ್ಲ. ಆ ದೀಪಾವಳಿಗೆ ಅವುಗಳ ಮೇಲೆಯೇ ಜೀಪು ಮೊರಬಕ್ಕೆ ಹೋಯಿತು.

ನಾನು ಊರಿಗೆ ಮರಳಿದ ಮರುದಿನವೇ ಫೋನು ಬಂತು.

“ಅಕ್ಕಾ, ಇವು ಟಾಯರೋ ಬದನಿಕಾಯೋ? ಇಷ್ಟು ನುಣ್ಣಗ ಅದಾವಲ್ಲ!”

“ನುಣ್ಣಗಿದ್ದರ ಬ್ರೇಕು ಹತ್ತತಾವಪಾ. ನಿನ್ನ ಗಿರಣಿ ಕಲ್ಲು ನನ್ನ ಜೀವಾ ತಗೀತಿದ್ದವು.”

“ನನಗ ಅವ ಬೇಕು, ಕಳಸು.”

“ಕಳಸೂದಿಲ್ಲ.”

ಅಲ್ಲಿಂದ ಶುರುವಾದದ್ದು ವಾರಕ್ಕೊಮ್ಮೆ ನಡೆಯಿತು. ಆ ವರ್ಷವೆಲ್ಲ ನಾವು ಮಳೆ, ಬೆಳೆ, ಮೊಮ್ಮಕ್ಕಳ ಸುದ್ದಿ ಬಿಟ್ಟು ಟೈರಿನ ಮಾತನ್ನೇ ಆಡಿದೆವು. ನನಗೆ ಅದರಲ್ಲಿ ಒಂದು ಬಗೆಯ ಸುಖವೂ ಇತ್ತು. ಚಿಕ್ಕಂದಿನಿಂದಲೂ ನಾವು ಜಗಳಾಡಿಯೇ ಮಾತಾಡಿದವರು. ಆದರೆ ಈರಣ್ಣನ ದನಿಯಲ್ಲಿ ಹಿಂದಿನ ಚೇಷ್ಟೆ ಇರಲಿಲ್ಲ. ಅವನಿಗೆ ಆ ಹಲ್ಲಿನ ಟೈರು ಯಾಕೆ ಅಷ್ಟು ಬೇಕಾಗಿತ್ತೋ ನನಗೆ ಅರ್ಥವಾಗಲಿಲ್ಲ. ಅಪ್ಪನ ಕಾಲದಲ್ಲಿ ಅವನು ಬೋಳು ಟೈರಿನ ಮೇಲೆ ಅದೇ ಎರೆಯಲ್ಲಿ ಹಾಡುತ್ತ ಓಡಿಸಿದವನು.

ಮರುವರ್ಷದ ದೀಪಾವಳಿಗೆ ನನಗೆ ಜ್ವರ. ಅವನೇ ಬಂದು ಜೀಪು ಒಯ್ಯಬೇಕಿತ್ತು, ಬರಲಿಲ್ಲ. ಪರಿಚಯದ ಒಬ್ಬ ಡ್ರೈವರನನ್ನು ಕಳಿಸಿದ. ಹಾಗೆ ಎಂದೂ ಆಗಿರಲಿಲ್ಲ. ಜ್ವರಕ್ಕಿಂತ ಅದೇ ನನಗೆ ಹೆಚ್ಚು ಹತ್ತಿತು. ಕೆಲವು ದಿನ ಬಿಟ್ಟು ಅವನ ಫೋನು: “ಅಕ್ಕಾ, ಜೀಪ ಕೊಟ್ಟಬಿಡೂಣು. ಇದರ ಹೊಟ್ಟಿಗಿ ಹಾಕಿ ಹಾಕಿ ಸಾಕಾತು. ಹೈವೇ ಬಾಜೂ ಡಾಬಾದವರು ಕೇಳ್ಯಾರ. ಮುಂದ ನಿಲ್ಲಿಸಿ ಅದರ ಮ್ಯಾಲ ಹೂವಿನ ಕುಂಡಿ ಇಡತಾರಂತ. ನಿನ್ನ ಅರ್ಧಾ ನಿನಗ ಕೊಡತೇನಿ.”

ಬಾನೆಟ್ಟಿನ ಮೇಲೆ ಹೂವಿನ ಕುಂಡ! ನಾನು ಫೋನು ಇಟ್ಟುಬಿಟ್ಟೆ. ಆ ಜೀಪು ಹೋದರೆ ಈರಣ್ಣ ದುಮ್ಮವಾಡಕ್ಕೆ ಬರಲು, ನಾನು ಮೊರಬಕ್ಕೆ ಹೋಗಲು, ಪ್ರತಿ ಸಲವೂ ಒಂದು ನೆಪ ಹುಡುಕಬೇಕಾಗುತ್ತದೆ ಎಂಬುದು ನನಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಹೊಳೆಯಿತು. ವಯಸ್ಸಾದಂತೆ ನೆಪಗಳು ಬೇಗ ಮುಗಿಯುತ್ತವೆ. ಮರುದಿನ ಬೆಳಗ್ಗೆ ಬಸ್ಸು ಹತ್ತಿದೆ.

ಮೊರಬದಲ್ಲಿ ಹಿಂದಿನ ದಿನ ಅಕಾಲದ ಒಂದು ಮಳೆ ಬಿದ್ದು ಹೋಗಿತ್ತು. ನಾನು ಹೋದದ್ದೇ ಈರಣ್ಣ, “ಬಾ, ನಿನ್ನ ಬದನಿಕಾಯಿ ಹೊಲದಾಗ ಹೆಂಗ ಹೋಗತಾವ ತೋರಸ್ತೇನಿ. ಆಮ್ಯಾಲ ಮಾರೂದು ಬ್ಯಾಡ ಅನ್ನು” ಎಂದ. ಅವನ ಹೆಂಡತಿ ಶಾಂತವ್ವ ಬಾಗಿಲಲ್ಲಿ ನಿಂತು, “ಉಂಡರೆ ಹೋಗ್ರಿ” ಎಂದಳು. ಅವನು ಆಗಲೇ ಜೀಪು ಚಾಲೂ ಮಾಡಿದ್ದ.

ಹೊಲದ ದಾರಿಯಲ್ಲಿ ಹಳ್ಳದ ಹತ್ತಿರ ಒಂದು ತಗ್ಗು ಇದೆ. ಮಳೆಯಾದ ಮರುದಿನ ಸುತ್ತಲಿನ ನೆಲ ಮೇಲೆ ಆರಿ ಬೂದಿಬಣ್ಣಕ್ಕೆ ತಿರುಗಿದರೂ ಆ ತಗ್ಗು ಮಾತ್ರ ಕಪ್ಪಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿರುತ್ತದೆ. ಮೊರಬದಲ್ಲಿ ನಡೆಯಲು ಕಲಿತ ಕೂಸೂ ಅದನ್ನು ಬಳಸಿಕೊಂಡು ಹೋಗುತ್ತದೆ. ಅವನೂ ಬಳಸುತ್ತಾನೆಂದು ನಾನು ಸುಮ್ಮನೆ ಕೂತಿದ್ದೆ. ಅವನು ನೆಟ್ಟಗೆ ಅದರೊಳಗೇ ನುಗ್ಗಿಸಿದ.

ಜೀಪು ಒಮ್ಮೆ ಬಿಕ್ಕಳಿಸಿ ಕೂತಿತು. ಈರಣ್ಣ ಗಿಡ್ಡ ಹಿಡಿ ಎಳೆದ. ನಾಲ್ಕೂ ಗಾಲಿಗಳು ತಿರುಗಿದವು, ತಿರುಗಿ ತಿರುಗಿ ಮಣ್ಣು ಮೆತ್ತಿಕೊಂಡು ದುಂಡನೆ ಉಂಡೆಗಳಾದವು. “ನೋಡಿದಿ? ನೋಡಿದಿ ನಿನ್ನ ಟಾಯರ?” ಎಂದು ಅವನು ಕೆಳಗೆ ಹಾರಿದ. ಅವನ ಚಪ್ಪಲಿ ಒಂದು ಕೆಸರಿನಲ್ಲಿ ಕಳಚಿತು. ಅವನು ಬಗ್ಗಿ ಅದನ್ನು ಹುಡುಕತೊಡಗಿದ. ಬಲಕ್ಕೆ ಕೈಯಾಡಿಸಿದ, ಎಡಕ್ಕೆ ಕೈಯಾಡಿಸಿದ. ಚಪ್ಪಲಿ ಅವನ ಎದುರಿಗೇ, ಹಾಡುಹಗಲಲ್ಲಿ, ಒಂದು ಗೇಣು ದೂರ ನಿಂತಿತ್ತು.

ನಾನು ಇಳಿದು ಹೋಗಿ ಅದನ್ನು ಎತ್ತಿ ಅವನ ಕೈಗೆ ಕೊಟ್ಟೆ.

“ಯಾವಾಗಿಂದ ಹಿಂಗ?” ಎಂದು ಕೇಳಿದೆ.

ಈರಣ್ಣ ಚಪ್ಪಲಿಯ ಕೆಸರು ಒರೆಸುತ್ತ ಹೇಳಿದ: “ಎರಡು ವರ್ಷಾತಬೇ. ಮೊದಲ ಸಂಜೀ ಹೊತ್ತಿನ್ಯಾಗ ಅಷ್ಟ ಇತ್ತು. ಈಗ ಎಲ್ಲಾ ಮಂಜ ಮುಸುಕಿದಂಗ. ಮೊದಲ ನೆಲಾ ನೋಡಿ ಗಾಡಿ ಹೊಡೀತಿದ್ದೆ. ನೆಲಾನ ಕಾಣದಂಗಾದ ಮ್ಯಾಲ ದೊಡ್ಡ ಹಲ್ಲಿನ ಟಾಯರ ಹಾಕಿಸಿದೆ. ಎಲ್ಲಿ ಹೋಗಿ ಬಿದ್ದರೂ ಎಬ್ಬಿಸಿ ತರತಾವಲ್ಲ ಅಂತ.”

“ಡಾಕ್ಟರಿಗಿ ತೋರಿಸಿಲ್ಲೇನು?”

“ಸಕ್ಕರಿ ಬ್ಯಾನಿ ಐತಲ್ಲ ನನಗ. ಸಕ್ಕರಿ ಕಣ್ಣಿಗಿ ಹತ್ತಿತಂದ್ರ ಹೋದಂಗನ ಅಂತಾರ. ಅದನ್ನ ಅವರ ಬಾಯಿಲೆ ಯಾಕ ಕೇಳಬೇಕು?” ಅವನು ಚಪ್ಪಲಿ ಮೆಟ್ಟಿಕೊಂಡ. “ಮೊನ್ನೆ ಕುರಿ ಹಿಂಡಿನ್ಯಾಗ ಗಾಡಿ ಹಾಕತಿದ್ದೆ ಅಕ್ಕಾ. ಕುರುಬರವ ಒದರಿದ್ದಕ್ಕ ಬ್ರೇಕ್ ಒತ್ತಿದೆ. ಕುರಿ ಬಾಜೂಕ ಅವನ ಹೆಣತಿ ನಿಂತಿದ್ದಳಂತ. ನನಗ ಕಂಡೇ ಇಲ್ಲ. ಅದಕ್ಕ ಮಾರೂಣಂದೆ.”

ಅಷ್ಟರಲ್ಲಿ ಊರ ಕಡೆಯಿಂದ ಒಂದು ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಈರಣ್ಣನ ಮುಖ ನೋಡಿದೆ. ಆ ತಗ್ಗಿನಲ್ಲಿ ಅವನು ಸಿಕ್ಕಿಬಿದ್ದನೆಂದರೆ ಊರಿಗೆ ಎಲ್ಲವೂ ತಾನಾಗಿ ತಿಳಿಯುತ್ತದೆ. ನಾನು ಸೀರೆ ಎತ್ತಿ ಕಟ್ಟಿ, ಕೆಸರು ಕಾಲಲ್ಲೇ ಹತ್ತಿ ಡ್ರೈವರನ ಸೀಟಿನಲ್ಲಿ ಕೂತು ಸ್ಟೇರಿಂಗು ಹಿಡಿದೆ.

ಟ್ರ್ಯಾಕ್ಟರಿನವನು ನಿಲ್ಲಿಸಿ ಬೆರಗಾದ. “ಏನ್ರಿ ಈರಣ್ಣಾರ, ಇದರಾಗ ಹೆಂಗ ಬಿದ್ರಿ?”

“ನಾ ಹೊಡದೆಪಾ” ಎಂದೆ. “ಊರ ಬಿಟ್ಟು ಬಾಳ ದಿನಾತು. ಮರತಬಿಟ್ಟಿದ್ದೆ.”

ಅವನು ಹಗ್ಗ ಕಟ್ಟುತ್ತ ನಕ್ಕ. “ದುಮ್ಮವಾಡದ ನೀರು ಕುಡದು ಎರಿ ಮರತ್ರೇನ್ರಿ ಅಕ್ಕಾರ?”

ಸಂಜೆಯೊಳಗೆ ಈ ಸುದ್ದಿ ಊರಲ್ಲೆಲ್ಲ ಹಬ್ಬಿತು. ಅಪ್ಪನ ಕೈಯಲ್ಲಿ ಗಾಡಿ ಕಲಿತವಳೆಂದು ನನಗಿದ್ದ ಒಂದಿಷ್ಟು ಜಂಬ ಹಳ್ಳದ ತಗ್ಗಿನಲ್ಲಿ ಹೂತು ಹೋಯಿತು. ಇಂದಿಗೂ ಮೊರಬದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಯಾರಾದರೊಬ್ಬರು, “ಅಕ್ಕಾರ, ಕೆಸರ ಐತಿ, ಸಾವಕಾಶ” ಎನ್ನುತ್ತಾರೆ. ಆ ದಿನ ಹಗ್ಗದ ಹಿಂದೆ ಜೀಪು ಹೊರಗೆ ಬರುವಾಗ ಈರಣ್ಣ ಪಕ್ಕದ ಸೀಟಿನಲ್ಲಿ ಕೂತು ಆಚೆ ಕಡೆ ಮುಖ ತಿರುಗಿಸಿದ್ದ. ನಾನೂ ಆ ಕಡೆ ನೋಡಲಿಲ್ಲ.

ಶಾಂತವ್ವನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಹೇಳಿದರೆ ಅವಳು ಕಣ್ಣೊರೆಸಿಕೊಂಡು, “ನನಗ ಗೊತ್ತೈತ್ರಿ. ತಾಟಿನ್ಯಾಗ ಪಲ್ಯಾ ಎಲ್ಲೈತಿ ಅಂತ ಕೈಯಾಡಸ್ತಾರ. ಅದಕ್ಕ ದಿನಾ ಒಂದ ಜಾಗಾದಾಗ ಬಡಸ್ತೇನಿ. ಕೇಳಿದರ ಸಿಟ್ಟಿಗೇಳತಾರ” ಎಂದಳು. ಅವನು ಅವಳಿಂದ ಮುಚ್ಚಿಡುತ್ತಿದ್ದ, ಅವಳು ಅವನಿಗೆ ಗೊತ್ತಾಗದಂತೆ ಬಡಿಸುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರ ಮಾನ ಇನ್ನೊಬ್ಬರು ಕಾಯುತ್ತ ಎರಡು ವರ್ಷ ಕಳೆದಿದ್ದರು.

ಮರುದಿನ ನಾನೇ ಜೀಪು ಓಡಿಸಿ ಇಬ್ಬರನ್ನೂ ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಕರೆದೊಯ್ದೆ. ಒಳಗೆ ಡಾಕ್ಟರು ದೀಪ ಹಾಕಿ ನೋಡಿ ನೋಡಿ, ಕೊನೆಗೆ ಕುರ್ಚಿ ಹಿಂದೆ ಸರಿಸಿ, “ಎರಡೂ ಕಣ್ಣಿಗೆ ಪೊರೆ ಬಂದಿದೆ, ಚೆನ್ನಾಗಿ ಬಲಿತಿದೆ. ಸಕ್ಕರೆಯಿಂದ ಹಿಂದಿನ ಪರದೆಗೆ ದೊಡ್ಡ ಪೆಟ್ಟೇನೂ ಆದಂತಿಲ್ಲ. ಸಕ್ಕರೆ ಹತೋಟಿಗೆ ತಂದು ಬನ್ನಿ, ಪೊರೆ ತೆಗೆಯೋಣ” ಎಂದರು. ಈರಣ್ಣನಿಗೆ ಒಂದು ಕ್ಷಣ ತಿಳಿಯಲಿಲ್ಲ. “ಅಂದ್ರ ಕಾಣತೈತೇನ್ರಿ?” ಎಂದು ಕೇಳಿದ. “ಕಾಣ್ತದೆ” ಎಂದರು. ಶಾಂತವ್ವ ಅಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತಳು.

ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಅಷ್ಟು ಕಾಲ ಅವನು ಗಾಡಿ ಮುಟ್ಟುವ ಹಾಗಿರಲಿಲ್ಲ, ಹೊಲದಲ್ಲಿ ಹತ್ತಿ ಒಡೆದು ನಿಂತಿತ್ತು. ನಾನು ಮೊರಬದಲ್ಲೇ ಉಳಿದೆ. ಬೆಳಗ್ಗೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೊಲಕ್ಕೆ, ಸಂಜೆ ಹತ್ತಿಯ ಅಂಡಿಗೆ ಚೀಲಗಳನ್ನು ತುಂಬಿಕೊಂಡು ಊರಿಗೆ. ನಿವೃತ್ತಿಯ ನಂತರ ಇಷ್ಟು ಸಂಭ್ರಮದ ನೌಕರಿ ನನಗೆ ಸಿಕ್ಕಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡ ಈರಣ್ಣ ಕಟ್ಟೆಯ ಮೇಲೆ ಕೂತು, ಸದ್ದಿನ ಮೇಲೆಯೇ ತಪ್ಪು ಹುಡುಕುತ್ತಿದ್ದ. “ಅಕ್ಕಾ, ಎರಡನೇ ಗೇರ ಬಿದ್ದಿಲ್ಲ ನೋಡು!” ದುಮ್ಮವಾಡದಿಂದ ನಮ್ಮ ಮನೆಯವರು ದಿನಾ ಫೋನು ಮಾಡಿ, “ನಾ ಇನ್ನ ಎಷ್ಟ ದಿನಾ ಅವಲಕ್ಕಿ ಮ್ಯಾಲ ಇರಲಿ?” ಎಂದು ವಿಚಾರಿಸುತ್ತಿದ್ದರು.

ಎರಡನೆಯ ಕಣ್ಣೂ ವಾಸಿಯಾಗಿ ಡಾಕ್ಟರು ಅಪ್ಪಣೆ ಕೊಟ್ಟ ಮೇಲೆ ನಾವು ಅಕ್ಕ ತಮ್ಮ ಹುಬ್ಬಳ್ಳಿಯ ಟೈರಿನಂಗಡಿಯಲ್ಲಿ ಒಂದು ಇಡೀ ಮಧ್ಯಾಹ್ನ ಕೂತೆವು. ಅವನ ಹಲ್ಲಿನ ಟೈರಿಗೂ ನನ್ನ ಬದನೆಕಾಯಿಗೂ ನಡುವಿನ ಒಂದು ಜಾತಿಯನ್ನು ಅಂಗಡಿಯವನು ಉರುಳಿಸಿ ತಂದ. ಈರಣ್ಣ ಅದರ ಸಂದಿಗೆ ಬೆರಳಿಟ್ಟು, “ಇದು ಸಾಲದು” ಎಂದ. ನಾನು, “ಇದು ಸದ್ದು ಮಾಡತೈತಿ” ಎಂದೆ. ಅಂಗಡಿಯವನು ಚಹಾ ತರಿಸಿ, ತಾನೂ ಕುಡಿದು, “ಇಬ್ಬರಿಗೂ ಅರ್ಧ ಅರ್ಧ ಸೇರಲಿಲ್ಲ ಅಂದ್ರ ಇದನ ಬರೋಬರಿ ಬಿಡ್ರಿ” ಎಂದು ಹಾಕಿಯೇಬಿಟ್ಟ. ಈಗ ಅವು ಡಾಂಬರಿನ ಮೇಲೆ ತುಸು ಗುಂಯ್ ಎನ್ನುತ್ತವೆ, ಕೆಸರಿನಲ್ಲಿ ತುಸು ಜಾರುತ್ತವೆ. ಇಬ್ಬರೂ ದೂರು ಹೇಳುತ್ತೇವೆ, ಇಬ್ಬರೂ ಓಡಿಸುತ್ತೇವೆ. ಡಾಬಾದವರು ಬೇರೆ ಯಾವುದೋ ಜೀಪು ಹುಡುಕಿಕೊಂಡರಂತೆ.

ಟೈರು ಹಾಕಿಸಿ ಮನೆಗೆ ಬಂದ ದಿನ ಸಂಜೆಯ ಬಿಸಿಲು ಇನ್ನೂ ಇತ್ತು. ನಾನು ದುಮ್ಮವಾಡಕ್ಕೆ ಹೊರಡಲು ಚೀಲ ಕಟ್ಟಿ ಹೊರಗೆ ಬಂದೆ. ಬಸ್ಸಿನವರೆಗೆ ಬಿಡುತ್ತೇನೆಂದು ಈರಣ್ಣ ಜೀಪಿನ ಹತ್ತಿರ ನಿಂತಿದ್ದ. ಕನ್ನಡಕ ತೆಗೆದು ಅದನ್ನು ಮೊದಲ ಸಲ ಎಂಬಂತೆ ಸುತ್ತಿ ಸುತ್ತಿ ನೋಡುತ್ತಿದ್ದ. ಮಡ್‌ಗಾರ್ಡಿನ ತುಕ್ಕು ಉಗುರಿನಿಂದ ಕೆರೆದ, ಮೇಲಿನ ಬಟ್ಟೆಯ ಹುಡ್ಡಿನ ಹರಕಿನಲ್ಲಿ ಬೆರಳು ತೂರಿಸಿದ.

“ಅಕ್ಕಾ, ಇದು ಇಷ್ಟು ಹಾಳಾಗೇತಿ ಅಂತ ನನಗ ಯಾರೂ ಹೇಳಲೇ ಇಲ್ಲಲ್ಲಬೇ! ಬಣ್ಣಾ ಹೊಡಸಬೇಕು, ಹುಡ್ ಬದಲಿ ಮಾಡಬೇಕು, ಸೀಟ ನೋಡು...”

ಖರ್ಚಿನ ಪಟ್ಟಿ ಬೆಳೆಯುತ್ತ ಹೋಯಿತು. ಅವನಿಗೆ ಕಣ್ಣು ಬಂದದ್ದು ನನಗೆ ದುಬಾರಿಯಾಗುತ್ತದೆಂದು ಆಗಲೇ ತಿಳಿಯಿತು. “ನನ್ನ ಅರ್ಧಾ ಕೊಡತೇನಿ, ಹೊಡಸು” ಎಂದೆ.

ಆಗ ಅವನು ತಿರುಗಿ ನನ್ನನ್ನು ನೋಡಿದ. ನೋಡಿದವನು ಹಾಗೆಯೇ ನಿಂತ.

“ಅಕ್ಕಾ, ನಿನ್ನ ತಲಿ ಇಷ್ಟು ಯಾವಾಗ ಬೆಳ್ಳಗಾತು?”

“ಜೀಪಿನ ಖರ್ಚು ಕೊಟ್ಟು ಕೊಟ್ಟು” ಎಂದೆ. “ಅದಕ್ಕ ಹೊಡಸೂ ಮುಂದ ನನಗೂ ಒಂದು ಡಬ್ಬಿ ಬಣ್ಣಾ ತಾ.”

ಅವನು ನಗಲಿಲ್ಲ. ಕೈಯಲ್ಲಿದ್ದ ಕೀಲಿ ನನ್ನ ಕಡೆ ಚಾಚಿ ಹೇಳಿದ: “ನಿನಗ ಬ್ಯಾಡ. ಹಿಂಗ ಇರಲಿ ಬಿಡು. ಅಗದಿ ಅವ್ವನಂಗ ಕಾಣತಿ.”

ಕೀಲಿ ಇಸಿದುಕೊಂಡು ಜೀಪು ಹತ್ತಿ, ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬಸ್ ಸ್ಟ್ಯಾಂಡಿನವರೆಗೂ ನಾನೇ ಓಡಿಸಿದೆ.